ಇವರು ಎಳೆದಿಟ್ಟು ಹೋದ ಕೋವಿ

ನಮ್ಮವರು ತೀರಿಹೋಗಿ ಒಂಬತ್ತು ದಿನವಾಗಿತ್ತು. ಲೇತಿನವನು ಬಂದ. ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆದು ಬೋಲ್ಟು, ಬುಷ್ಷು ಮಾಡಿಕೊಡುವುದು ಅವನ ಕಸುಬು. ಇವರಿಗಿಂತ ಹತ್ತು ವರ್ಷ ಚಿಕ್ಕವನು. ಇವರಿಗೆ ಇದ್ದ ಒಬ್ಬನೇ ಸ್ನೇಹಿತ. ನನ್ನನ್ನು ಅತ್ತಿಗೆ ಎನ್ನುತ್ತಾನೆ. ಕೊಟ್ಟ ಟೀ ಕುಡಿದ. ಲೋಟ ಕೆಳಗಿಟ್ಟು ಮೂಲೆ ನೋಡಿದ. ಅಲ್ಲಿ ಇವರ ಏರ್‌ಗನ್ನು ಗೋಡೆಗೆ ಒರಗಿ ನಿಂತಿತ್ತು.

“ಒರೆಸಿ ಎಣ್ಣೆ ಹಾಕಿಡ್ಲಾ ಅತ್ತಿಗೆ? ಸುಮ್ನೆ ತುಕ್ಕು ಹಿಡಿಯುತ್ತೆ.”

“ಇಡು,” ಎಂದೆ.

ತೊಡೆಯ ಮೇಲಿಟ್ಟುಕೊಂಡು ನಳಿಗೆ ಬಗ್ಗಿಸಿದ. ಅದು ಸುಲಭಕ್ಕೆ ಬಗ್ಗುವುದಲ್ಲ. ಗಂಡಸರೂ ಹಲ್ಲು ಕಚ್ಚಿ ಎಳೆಯಬೇಕು. ಆವತ್ತು ಕೀಲು ಸಡಿಲವಾದ ಬಾಗಿಲಿನ ಹಾಗೆ ತಾನಾಗಿ ಕೆಳಗೆ ಬಿತ್ತು. ಅವನ ಮುಖ ಬದಲಾಯಿತು.

“ಅತ್ತಿಗೆ, ಇದು ಎಳೆದಿಟ್ಟಿದೆ.”

“ಅಂದ್ರೆ?”

“ಸ್ಪ್ರಿಂಗ್ ಎಳೆದು ಹಾಗೇ ಬಿಟ್ಟಿದಾರೆ ಮಾಸ್ಟ್ರು. ಗುಂಡು ಹಾಕಿಲ್ಲ, ಹೊಡೆದೂ ಇಲ್ಲ.”

ಈ ಕೋವಿಯಲ್ಲಿ ಮದ್ದಿಲ್ಲ, ಗ್ಯಾಸಿಲ್ಲ. ನಡುವಿಗೆ ಮಡಿಸುವ ಹಾಗೆ ನಳಿಗೆಯನ್ನು ಕೆಳಕ್ಕೆ ಎಳೆದರೆ ಒಳಗಿನ ಸ್ಪ್ರಿಂಗು ಕುಗ್ಗಿ ‘ಟಕ್’ ಎಂದು ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗು ನೆಗೆಯುತ್ತದೆ, ಅದರ ಮುಂದಿನ ಗಾಳಿ ಸೀಸದ ಗುಂಡನ್ನು ತಳ್ಳುತ್ತದೆ. ಇಷ್ಟೇ. ಎಳೆದವರ ತೋಳಿನ ಬಲ ಎಷ್ಟೋ ಅಷ್ಟು ಒಳಗೆ ಕೂತಿರುತ್ತದೆ. ಬೇರೇನೂ ಇರುವುದಿಲ್ಲ.

ಅದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಇವರ ತೋಳು ಹೋಗಿತ್ತು. ಅದರ ಒಂದು ಎಳೆತ ಮಾತ್ರ ಹೋಗಿರಲಿಲ್ಲ. ಒಂಬತ್ತು ದಿನದಿಂದ ಮೂಲೆಯಲ್ಲಿ ನಿಂತಿತ್ತು. ನಾನು ಅದರ ಪಕ್ಕದಲ್ಲೇ ಕಸ ಗುಡಿಸಿದ್ದೆ.

ಅವನು ಗುಂಡಿನ ಡಬ್ಬಿಗೆ ಕೈ ಚಾಚಿದ. “ಒಂದು ಹಾಕಿ ಹಿತ್ತಲ ಗೋಣಿಗೆ ಹೊಡೆದುಬಿಡ್ತೀನಿ. ಖಾಲಿ ಹೊಡೆದ್ರೆ ಅದಕ್ಕೆ ಏಟು.”

“ಮುಟ್ಟಬೇಡ.”

“ಹಾಗಲ್ಲ ಅತ್ತಿಗೆ...”

“ಮುಟ್ಟಬೇಡ ಅಂದೆನಲ್ಲ. ಇದ್ದ ಕಡೆ ಇಡು.”

ಇಟ್ಟ. ನನ್ನ ಕಡೆ ನೋಡದೆ ಹೇಳಿದ. “ಒತ್ತಿ ಹಿಡಿದಿಟ್ಟ ಸ್ಪ್ರಿಂಗು ಹಾಗೇ ಒಗ್ಗಿಹೋಗುತ್ತೆ. ದಿನಾ ಒಂಚೂರು ಒಂಚೂರು ಸೋಲುತ್ತೆ. ಆಮೇಲೆ ನೀವೇ ಬಿಡ್ತೀನಿ ಅಂದ್ರೂ ಅದು ಏಳಲ್ಲ.”

“ಎಷ್ಟು ದಿನಕ್ಕೆ?”

“ಇಷ್ಟೇ ಅಂತ ಹೇಳಕ್ಕಾಗಲ್ಲ.”

ಅವನು ಹೋದ ಮೇಲೆ ಕಪ್ಪು ದಾರ ತಂದೆ. ಕೋಟಿನ ಗುಂಡಿಗೆ ಹಾಕುವ ದಪ್ಪ ದಾರ. ಟ್ರಿಗರ್ ಅಲ್ಲಾಡದ ಹಾಗೆ ಎಂಟು ಸುತ್ತು ಸುತ್ತಿ ಗಂಟು ಹಾಕಿದೆ. ಬಿಟ್ಟರೆ ಹೋಗುತ್ತದೆ. ಇಟ್ಟರೂ ಹೋಗುತ್ತದೆ. ಏನು ಮಾಡಬೇಕೋ ತಿಳಿಯಲಿಲ್ಲ.

ಇವರು ಕಟಿಂಗ್ ಮಾಸ್ಟರು. ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಮೇಜಿನ ಮುಂದೆ ನಿಂತರು. ನರ್ಸುಗಳದು, ಕಂಡಕ್ಟರುಗಳದು, ಶಾಲೆ ಮಕ್ಕಳದು, ಕಾವಲಿನವರದು. ಹೊಲಿಯುವವರು ಆರು ಜನ ಇದ್ದರು. ಕತ್ತರಿಸುವವರು ಇವರೊಬ್ಬರೇ. ಎಂಟು ಪದರ ಬಟ್ಟೆ ಹಾಸಿ, ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಒಂದೇ ಸಲಕ್ಕೆ ಕತ್ತರಿ ಆಡಿಸುವುದು. ಗೆರೆ ತಪ್ಪಿದರೆ ಎಂಟು ಜನರ ತೋಳು ತಪ್ಪುತ್ತದೆ. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿಕೊಂಡಿದ್ದರು. ಆದರೂ ಹೆಬ್ಬೆರಳಿನ ಬುಡದಲ್ಲಿ ಗೋಲಿಯಷ್ಟು ಗಂಟು ಕಟ್ಟಿತ್ತು. ಮದುವೆಯಾದ ಹೊಸತರಲ್ಲಿ ಅದನ್ನು ಬೇರೆ ಏನೋ ಎಂದು ಹೆದರಿದ್ದೆ.

ನಾನು ಮನೆಯಲ್ಲಿ ಗುಂಡಿ ತೂರುವ ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ಅಂಗಡಿಯಿಂದ ಇವರು ಬಟ್ಟೆಯ ಕಟ್ಟು ತರುತ್ತಿದ್ದರು, ನಾನು ಮುಗಿಸಿ ಕೊಡುತ್ತಿದ್ದೆ. ಇವರು ಕತ್ತರಿಸಿದ ಬಟ್ಟೆ ಕೈಗೆ ಬಂದರೆ ಇವರ ಕೈಯದೆಂದು ನೋಡದೆ ಹೇಳುತ್ತಿದ್ದೆ. ಅಂಚು ಹಾವಿನ ಹಾಗೆ ಓಡುತ್ತಿರಲಿಲ್ಲ. ಸುಮ್ಮನೆ ಇರುತ್ತಿತ್ತು.

ಮಾತು ಕಡಿಮೆ. ಅಂಗಡಿಯವರೆಲ್ಲ ಇವರನ್ನು ಮೌನಿ ಮಾಸ್ಟರು ಎನ್ನುತ್ತಿದ್ದರು. ಮನೆಯಲ್ಲಿ ನಾನೊಬ್ಬಳೇ ಇಬ್ಬರ ಮಾತನ್ನೂ ಆಡುತ್ತಿದ್ದೆ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. ಒಂದು ಸಲ ಕೋಪ ಬಂದು, “ಗೋಡೆ ಜೊತೆ ಸಂಸಾರ ಮಾಡಿದ್ರೂ ಇದಕ್ಕಿಂತ ಸದ್ದು ಇರ್ತಿತ್ತು,” ಎಂದೆ. “ಗೋಡೆ ಕಟ್ಟು ಹೊತ್ಕೊಂಡು ಬರ್ತಿತ್ತಾ?” ಎಂದರು. ಅದು ಇವರ ಮಟ್ಟಿಗೆ ದೊಡ್ಡ ಭಾಷಣ.

ಕೋವಿ ಬಂದದ್ದು ಒಂದು ತಪ್ಪಿನಿಂದ. ಇವರ ಕೈಯಲ್ಲಿ ಅಳತೆ ತಪ್ಪಿದ್ದು ಅದೊಂದೇ ಸಲ.

ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬರು ಡ್ರಾಯಿಂಗ್ ಮೇಷ್ಟ್ರಿಗೆ ಕೋಟು ಬೇಕಾಗಿತ್ತು. ಅವರ ಕಾಲು ಮುರಿದಿತ್ತು, ಅಂಗಡಿಗೆ ಬರುವ ಹಾಗಿರಲಿಲ್ಲ. ಇವರೇ ಟೇಪು ಹಿಡಿದು ಮನೆಗೆ ಹೋದರು. ಹೊಲಿದು ಕೊಟ್ಟಾಗ ಕೋಟು ಎದೆಯಲ್ಲಿ ನಾಲ್ಕು ಇಂಚು ದೊಡ್ಡದು. ಮೇಷ್ಟ್ರು ತೊಟ್ಟು ನೋಡಿ, “ಇನ್ನೊಬ್ಬ ಮೇಷ್ಟ್ರು ಇದರೊಳಗೆ ಆರಾಮಾಗಿ ಕೂತ್ಕೋಬಹುದಲ್ಲಪ್ಪ,” ಎಂದರಂತೆ.

ಇವರು ಸುಳ್ಳು ಹೇಳಲಿಲ್ಲ. “ಅಳತೆ ತಗೊಳ್ಳುವಾಗ ಕಣ್ಣು ನಿಮ್ಮ ಮೇಲಿರ್ಲಿಲ್ಲ ಸಾರ್. ಗೋಡೆ ಮೇಲಿತ್ತು.”

ಗೋಡೆಯ ಮೇಲೆ ಈ ಕೋವಿ ನೇತುಹಾಕಿತ್ತು. ಮೇಷ್ಟ್ರು ನಕ್ಕರು. “ಹಾಗಾದ್ರೆ ತಪ್ಪು ನಿಂದಲ್ಲ, ಗೋಡೆದು. ಇಳಿಸ್ಕೊಂಡು ಹೋಗು. ನನ್ನ ಕಾಲಲ್ಲಿ ನಿಂತು ಹೊಡೆಯೋದು ಇನ್ನು ಆಗದ ಮಾತು.” ಕೋಟು ಬಿಗಿ ಮಾಡಿ ಕೊಡುತ್ತೇನೆ ಎಂದರೆ ಅವರು ಬಿಡಲಿಲ್ಲ. ಒಳಗೆ ಎರಡು ಸ್ವೆಟರ್ ಹಾಕುತ್ತೇನೆ ಎಂದರು. ಹಾಗೇ ಮಾಡಿದರು ಕೂಡ.

ಬಟ್ಟೆಯ ಥಾನಿನ ಹಾಗೆ ಸುತ್ತಿಕೊಂಡು ಮನೆಗೆ ತಂದರು. ನಾನು ಥಾನೇ ಅಂದುಕೊಂಡೆ. ಮಂಚದ ಮೇಲೆ ಬಿಚ್ಚಿದರು.

“ಏನ್ರೀ ಇದು?”

“ಏರ್‌ಗನ್ನು.”

“ಅದು ಕಾಣ್ತಾ ಇದೆ. ಮನೇಲಿ ಹುಲಿ ಬಂದಿದ್ಯಾ?”

“ಇಲ್ಲ.”

“ಯಾರನ್ನ ಹೊಡಿಯಕ್ಕೆ?”

“ಯಾರನ್ನೂ ಅಲ್ಲ ಕಣೇ.”

“ಮತ್ತೆ ಯಾಕೆ?”

ಸ್ವಲ್ಪ ಯೋಚಿಸಿ, “ಹೊಡಿಯಕ್ಕೆ,” ಎಂದರು.

ಎರಡು ದಿನ ಮಾತಾಡಲಿಲ್ಲ ನಾನು. ಇವರಿಗೆ ಅದು ಗೊತ್ತಾಯಿತೋ ಇಲ್ಲವೋ. ಮೂರನೇ ದಿನ ಇವರು ಇಲ್ಲದಾಗ ನಾನೇ ಎತ್ತಿ ನೋಡಿದೆ. ಇವರು ಹುಟ್ಟುವ ಮೊದಲಿನದಂತೆ. ಮರದ ಹಿಡಿ ಕಂದು ಬಣ್ಣ, ಕೆನ್ನೆ ತಾಗುವ ಕಡೆ ಮಾತ್ರ ನುಣುಪು. ಯಾರು ಯಾರ ಕೆನ್ನೆಯೋ. ಕಬ್ಬಿಣದ ಮೇಲೆ ನೀಲಿ ಹೊಳಪು, ಅಲ್ಲಲ್ಲಿ ಸವೆದು ಬಿಳಿಚಿತ್ತು. ಮೂಸಿದರೆ ಹೊಲಿಗೆ ಮೆಷಿನ್ನಿನ ಎಣ್ಣೆಯದೇ ವಾಸನೆ. ಆ ವಾಸನೆಗೆ ನನ್ನ ಕೋಪ ಇಳಿಯಿತು. ಮನೆಗೆ ಇನ್ನೊಂದು ಮೆಷಿನ್ ಬಂತು ಎಂದುಕೊಂಡು ಸುಮ್ಮನಾದೆ.

ಹಿತ್ತಲಿನ ಗೋಡೆಗೆ ಒಂದು ಗೋಣಿಚೀಲ ಒರಗಿಸಿದರು. ಒಳಗೆ ಅಂಗಡಿಯ ಚಿಂದಿ ಬಟ್ಟೆ ತುರುಕಿ ಗಟ್ಟಿ ಮಾಡಿದ್ದರು. ಅದರ ಮುಂದೆ ನಾನು ಬಟ್ಟೆ ಒಣಹಾಕುವ ಹಗ್ಗ. ಹಗ್ಗಕ್ಕೆ ಐದು ಕ್ಲಿಪ್ಪು. ಒಂದೊಂದು ಕ್ಲಿಪ್ಪಿನ ಬಾಯಿಗೆ ಒಂದೊಂದು ಸೀಮೆಸುಣ್ಣದ ತುಂಡು. ಗೆರೆ ಎಳೆದೂ ಎಳೆದೂ ಉಗುರಿನಷ್ಟಾದ ಸೀಮೆಸುಣ್ಣವನ್ನು ಅಂಗಡಿಯಲ್ಲಿ ಎಲ್ಲರೂ ಎಸೆಯುತ್ತಾರೆ. ಇವರು ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಇವರ ಒಂದು ಅಂಗಿಯ ಜೇಬನ್ನೂ ನಾನು ಬೆಳ್ಳಗೆ ಒಗೆದದ್ದಿಲ್ಲ. ಒಗೆಯುವ ಮೊದಲೇ ಬೆಳ್ಳಗಿರುತ್ತಿತ್ತು.

ಬೆಳಗ್ಗೆ ಸ್ನಾನ ಮಾಡಿ, ತಿಂಡಿಗೆ ಮೊದಲು ಐದು ಹೊಡೆಯುವರು. ಐದೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಎಳೆಯುವುದು, ಗುಂಡಿಡುವುದು, ನಳಿಗೆ ನೆಟ್ಟಗೆ ಮಾಡುವುದು, ಉಸಿರು ಬಿಟ್ಟು ನಿಲ್ಲುವುದು. ‘ತಪ್’ ಎಂದು ಒಂದು ಸದ್ದು. ಸೀಮೆಸುಣ್ಣ ಪುಡಿಯಾಗಿ ಬೆಳ್ಳಗೆ ಒಂದು ಹೂವು ಅರಳಿ ಹೋಗುವುದು. ತಪ್ಪಿದರೆ ಗೋಣಿಯಿಂದ ಸದ್ದು ಬರುವುದು. ಯಾವುದಕ್ಕೂ ಮುಖದಲ್ಲಿ ಬದಲಾವಣೆ ಇಲ್ಲ.

“ಇದರಲ್ಲಿ ಏನ್ ಸುಖ ಇದೇರಿ?” ಎಂದು ಕೇಳಿದೆ ಒಂದು ದಿನ.

“ನಾನು ಕತ್ತರಿಸಿದ್ದು ಸರಿ ಇದ್ರೆ ಯಾರೂ ಬಂದು ಹೇಳಲ್ಲ. ತಪ್ಪಿದ್ರೆ ಬರ್ತಾರೆ. ಇದು ಸರಿ ಇದ್ರೂ ಹೇಳುತ್ತೆ.”

ಆಮೇಲೆ ನಾನು ಕೇಳಲಿಲ್ಲ. ಒಂದು ವಾರ ಮಾತ್ರ ಯೋಚನೆ ಹತ್ತಿತು. ಅಷ್ಟು ವರ್ಷದಲ್ಲಿ ಇವರು ಕತ್ತರಿಸಿದ್ದು ಚೆನ್ನಾಗಿದೆ ಎಂದು ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ದಿನ ಕಟ್ಟು ಬಿಚ್ಚಿ, “ಈ ಕಾಲರು ಬಹಳ ಚೆನ್ನಾಗಿ ಬಂದಿದೆ,” ಎಂದೆ. ಇವರು ನನ್ನ ಮುಖ ನೋಡಿ, “ಜ್ವರ ಬಂದಿದ್ಯಾ?” ಎಂದರು. ಆದರೆ ಆವತ್ತು ಎರಡು ಸಲ ಟೀ ಕುಡಿದರು.

ಪಕ್ಕದ ಮನೆಯಾಕೆ ಒಮ್ಮೆ ಬಂದು, ಮಾಡಿನ ಮೇಲೆ ಪಾರಿವಾಳ ಹೇತು ಸಾಕಾಗಿದೆ, ಎರಡನ್ನು ಹೊಡೆದುಕೊಡಿ ಎಂದಳು. “ನನ್ನ ಕೈಯಲ್ಲಿ ಸೀಮೆಸುಣ್ಣ ಮಾತ್ರ ಸಾಯೋದು ಅಕ್ಕ,” ಎಂದರು. ಅವಳು ನನ್ನ ಹತ್ತಿರ ಬಂದು, “ನಿಮ್ಮವರಿಗೆ ಗುರಿ ಬರಲ್ಲ ಅಂತ ಕಾಣುತ್ತೆ,” ಎಂದಳು. “ಬರಲ್ಲ,” ಎಂದೆ. ಪಾರಿವಾಳ ಉಳಿಯಿತಲ್ಲ.

ಲೇತಿನವನ ಸ್ನೇಹ ಆದದ್ದೂ ಇದರಿಂದಲೇ. ಹಳೆ ಸ್ಪ್ರಿಂಗು ಸೋತು ಗುಂಡು ಗೋಣಿಯವರೆಗೂ ಹೋಗದೆ ದಾರಿಯಲ್ಲೇ ಬೀಳತೊಡಗಿತ್ತು. ಇವರು ಅವನ ಲೇತಿಗೆ ತೆಗೆದುಕೊಂಡು ಹೋದರು. ಅವನು ಎಲ್ಲಿಂದಲೋ ಹೊಸ ಸ್ಪ್ರಿಂಗು ಹುಡುಕಿ ತಂದ. ಹಾಕುವುದು ನಮ್ಮ ಮನೆಯಲ್ಲಿ. ಇಬ್ಬರು ಗಂಡಸರು ಎದುರುಬದುರು ಕೂತು ಒತ್ತಿದರು. ಒಬ್ಬರ ಕೈ ಜಾರಿತು. ಸ್ಪ್ರಿಂಗು ಹಾರಿ ಬಲ್ಬು ಒಡೆದು ನನ್ನ ನೀರಿನ ಕೊಡಕ್ಕೆ ಬಿತ್ತು. ನಾನು ಅಡುಗೆಮನೆಯಿಂದ ಬಂದು ನೋಡಿದರೆ ಇಬ್ಬರೂ ಮಂಚದ ಕೆಳಗಿದ್ದರು.

“ಹೊರಗೆ ಬನ್ನಿ, ಸ್ಪ್ರಿಂಗು ಸ್ನಾನ ಮಾಡ್ತಾ ಇದೆ,” ಎಂದೆ.

ಇವರು ಬಾಯಿ ತೆರೆದು ನಕ್ಕದ್ದನ್ನು ನಾನು ಲೆಕ್ಕ ಹಾಕಿ ಹೇಳಬಲ್ಲೆ. ಅದರಲ್ಲಿ ಅದೊಂದು.

ಮಗಳ ಮದುವೆಯಾಗಿ ಅವಳು ಇದೇ ಊರಿನ ಇನ್ನೊಂದು ಬೀದಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಒಂದು ಬೆಳಗ್ಗೆ ಇವರು ನಾಲ್ಕು ಹೊಡೆದು, ಐದನೆಯದನ್ನು ನನ್ನ ಕೈಗೆ ಕೊಟ್ಟರು.

“ನನಗ್ಯಾಕೆ?”

“ಸುಮ್ನೆ.”

ನಾನು ಕಳ್ಳನ ಕತ್ತು ಹಿಡಿದ ಹಾಗೆ ಹಿಡಿದೆ. ಗುಂಡು ಎಲ್ಲೋ ಹೋಯಿತು. ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಹಗ್ಗದ ಕೊನೆಯಲ್ಲಿ ಒಣಗುತ್ತಿದ್ದ ಇವರ ಬನಿಯನ್ನಿನ ಎದೆಯಲ್ಲಿ ತೂತು.

“ಬಿಗಿಯಾಗಿ ಹಿಡೀಬಾರದು ಕಣೇ. ಸ್ಪ್ರಿಂಗು ನೆಗೆಯುವಾಗ ಕೋವಿ ಹಿಂದಕ್ಕೂ ಮುಂದಕ್ಕೂ ಅಲ್ಲಾಡುತ್ತೆ. ಅಲ್ಲಾಡಕ್ಕೆ ಬಿಡಬೇಕು. ಬಿಗಿ ಹಿಡಿದ್ರೆ ಬೇರೆ ಕಡೆ ಹೋಗುತ್ತೆ. ಕೂಸಿನ ತಲೆ ಕೆಳಗೆ ಅಂಗೈ ಇಡ್ತೀವಲ್ಲ, ಅಷ್ಟೇ.”

ಅಂಗೈ ಹೇಗೆ ಇಡಬೇಕೆಂದು ನನ್ನ ಅಂಗೈ ಕೆಳಗೆ ತಮ್ಮ ಅಂಗೈ ಇಟ್ಟು ತೋರಿಸಿದರು. ಅಷ್ಟು ವರ್ಷದಲ್ಲಿ ಹಗಲು ಹೊತ್ತು, ಹಿತ್ತಲಿನಲ್ಲಿ, ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಪಕ್ಕದ ಮನೆಯಾಕೆ ನೋಡುತ್ತಾಳೇನೋ ಎಂದು ನಾನು ಗೋಡೆ ಕಡೆ ನೋಡುತ್ತಿದ್ದೆ. ಇವರು ಸೀಮೆಸುಣ್ಣ ನೋಡುತ್ತಿದ್ದರು. ಬನಿಯನ್ನಿನ ತೂತಿಗೆ ನಾನು ಸುತ್ತ ಕಾಜಾ ಹಾಕಿಕೊಟ್ಟೆ. ಇವರು ಅದನ್ನೇ ತೊಟ್ಟು ಹೋಗಿ ಲೇತಿನವನಿಗೆ ತೋರಿಸಿ ಬಂದರು. “ನಮ್ಮಾಕೆ ಹೊಡೆದಿದ್ದು. ಗುಂಡಿ ಇನ್ನೂ ಹೊಲಿದಿಲ್ಲ,” ಎಂದರಂತೆ.

ಆಮೇಲಿನಿಂದ ಐದನೆಯದು ನನ್ನದು. ದಿನಾ ಅಲ್ಲ, ಕೆಲಸವಿಲ್ಲದ ದಿನ. ಎಳೆಯುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಇವರು ಎಳೆದು ಕೊಡುವರು, ನಾನು ಹೊಡೆಯುವೆ.

ಒಂದು ವಿಷಯದಲ್ಲಿ ಮಾತ್ರ ಇವರು ಕಟ್ಟುನಿಟ್ಟು. ಎಳೆದ ಕೋವಿಯನ್ನು ಕೆಳಗಿಡುವ ಹಾಗಿಲ್ಲ. ಬಾಗಿಲು ಬಡಿದರೂ, ಮಳೆ ಬಂದರೂ, ಹೊಡೆದೇ ಇಡಬೇಕು. “ಎಳೆದು ಇಡೋದು ಅದಕ್ಕೆ ಹಿಂಸೆ,” ಎನ್ನುತ್ತಿದ್ದರು. ಅಂಥವರು ಆ ದಿನ ಎಳೆದಿಟ್ಟು ಬಂದರು. ಯಾಕೆ ಬಂದರೆಂದು ನನಗೆ ಗೊತ್ತು. ಲೇತಿನವನು ‘ಎಳೆದಿಟ್ಟಿದೆ’ ಎಂದ ಕೂಡಲೇ ಗೊತ್ತಾಯಿತು.

ನಾನು ಕರೆದಿದ್ದೆ. ಮೂರು ಸಲ ಕರೆದಿದ್ದೆ. ಅಂಗಡಿಯಲ್ಲಿ ಅವಸರದ ಕೆಲಸವಿತ್ತು, ಇವರೇ ಬೇಗ ಹೋಗಬೇಕು ಎಂದಿದ್ದರು. ತಟ್ಟೆ ಹಾಕಿ ಕಾದೆ. ನಾಲ್ಕು ‘ತಪ್’ ಕೇಳಿತು. ಐದನೆಯದು ಬರಲಿಲ್ಲ. ನಿಂತು ಏನೋ ನೋಡುತ್ತಿದ್ದಾರೆ ಎಂದುಕೊಂಡೆ. “ತಣ್ಣಗಾದ ಮೇಲೆ ತಿಂದು ಹೊಟ್ಟೆನೋವು ಅಂತ ನನ್ನ ತಲೆ ತಿನ್ನಬೇಡಿ,” ಎಂದು ಕೂಗಿದೆ. ಸ್ವಲ್ಪ ಗಟ್ಟಿಯಾಗಿಯೇ ಕೂಗಿದೆ. “ಬಂದೆ,” ಎಂದರು. ಬಂದರು. ತಿಂದರು. ಎದ್ದು ಹೋದರು. ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಇಸ್ತ್ರಿ ಮಾಡುವವನು ಓಡಿ ಬಂದ. ಮೇಜಿನ ಮುಂದೆ ನಿಂತವರು ಹಾಗೇ ಕೂತುಬಿಟ್ಟರಂತೆ, ಕತ್ತರಿ ಕೆಳಗಿಟ್ಟು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಟು ಪದರ ಬಟ್ಟೆಯನ್ನು ಗೆರೆಯ ಅರ್ಧದವರೆಗೆ ಕತ್ತರಿಸಿದ್ದರು. ಕತ್ತರಿಸಿದಷ್ಟು ನೇರವಾಗಿತ್ತು.

ಐದನೆಯದನ್ನು ಯಾಕೆ ತಡ ಮಾಡಿದರು, ನನಗೆ ಕೊಡಲು ಎಳೆದು ಕಾಯುತ್ತಿದ್ದರೋ, ಮೈಯಲ್ಲಿ ಏನಾದರೂ ಆಗುತ್ತಿತ್ತೋ, ಗೊತ್ತಿಲ್ಲ. ಕೇಳಲು ಜನವಿಲ್ಲ.

ಮಗಳು ವಾರಕ್ಕೆರಡು ಸಲ ಬರುತ್ತಾಳೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ದಿನವಿಡೀ ಕಿಂಡಿಯಲ್ಲಿ ಮಾತಾಡಿ ಮಾತಾಡಿ ಮನೆಯಲ್ಲೂ ಕಿಂಡಿಯಲ್ಲಿ ಕೂತವಳ ಹಾಗೇ ಮಾತಾಡುತ್ತಾಳೆ. ಟ್ರಿಗರ್ ದಾರ ನೋಡಿ ಕೇಳಿದಳು. ಹೇಳಿದೆ.

“ಅಮ್ಮ, ಅದು ಒಂದು ಸ್ಪ್ರಿಂಗು.”

“ಹೌದು.”

“ಅಪ್ಪ ಅಲ್ಲ.”

“ಅಪ್ಪ ಅಂತ ಯಾರು ಹೇಳಿದ್ರು? ಅಪ್ಪ ಎಳೆದಿದ್ದು.”

“ಮನೇಲಿ ಹೀಗೆ ಇಟ್ಕೊಂಡು ಯಾರಿಗಾದ್ರೂ ಏನಾದ್ರೂ ಆದ್ರೆ?”

“ಮನೇಲಿ ಯಾರಿದಾರೆ ಆಗಕ್ಕೆ?”

ನಾನು ಅಡುಗೆಮನೆಗೆ ಹೋಗಿ ಬಂದೆ. ಅವಳು ಕೋವಿಯ ಪಕ್ಕ ನೆಲದ ಮೇಲೆ ಕೂತು ಅದರ ಕಬ್ಬಿಣಕ್ಕೆ ಕಿವಿ ಇಟ್ಟಿದ್ದಳು. ನನ್ನನ್ನು ನೋಡಿ ತಟ್ಟನೆ ಎದ್ದಳು.

“ಏನು ಕೇಳಿಸ್ತು?”

“ಏನಿಲ್ಲ. ಧೂಳು ಒರೆಸ್ತಿದ್ದೆ.”

“ಕಿವೀಲಾ?”

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಇವರು ಹೋದ ದಿನದಿಂದ ಬಂದಿರಲಿಲ್ಲ. ನೋಡಿದವರು ಏನಂದುಕೊಂಡರೋ.

ಒಂದು ತಿಂಗಳು ಹೀಗೇ ಹೋಯಿತು. ದಿನಾ ಬೆಳಗ್ಗೆ ಏಳುತ್ತಲೇ ಲೇತಿನವನ ಮಾತು ತಲೆಗೆ ಬರುವುದು. ದಿನಾ ಒಂಚೂರು ಒಂಚೂರು. ರಾತ್ರಿ ಮಲಗಿದ್ದಾಗ ಇಷ್ಟು ಹೋಯಿತು, ಈಗ ಇಷ್ಟು ಉಳಿದಿದೆ ಎನಿಸುವುದು. ಉಳಿಸಿಕೊಳ್ಳುತ್ತೇನೆ ಎಂದು ಹಿಡಿದಿಟ್ಟು ನಾನೇ ಸಾಯಿಸುತ್ತಿದ್ದೆ. ಹೊಡೆದುಬಿಡೋಣ ಎಂದರೆ, ‘ತಪ್’ ಎಂದು ಒಂದು ಸದ್ದು, ಗೋಣಿಯಲ್ಲಿ ಒಂದು ತೂತು. ಇವರದು ಅಂತ ಉಳಿದದ್ದನ್ನು ಚಿಂದಿ ಬಟ್ಟೆಗೆ ಕೊಟ್ಟ ಹಾಗೆ. ಅದೂ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಲೇತಿನವನ ಶೆಡ್ಡಿಗೆ ಹೋದೆ. ಅವನು ಮೆಷಿನ್ ನಿಲ್ಲಿಸಿ, ಸ್ಟೂಲಿನ ಮೇಲಿನ ಕಬ್ಬಿಣದ ಚೂರು ಒರೆಸಿ ಕೂರಿಸಿದ.

“ಹೊಡೆಯದೆ ಬಿಡೋ ದಾರಿ ಇಲ್ವಾ?” ಎಂದೆ.

“ಇದೆ. ಕೈಯಲ್ಲಿ ವಾಪಸ್ ಬಿಡಬಹುದು. ನಳಿಗೆ ಪೂರ್ತಿ ಬಗ್ಗಿಸಿ ಹಿಡ್ಕೊಂಡು ಟ್ರಿಗರ್ ಒತ್ತಬೇಕು. ಸ್ಪ್ರಿಂಗಿನ ಭಾರ ಎಲ್ಲಾ ಕೈಗೆ ಬರುತ್ತೆ. ನಿಧಾನಕ್ಕೆ ಬಿಡ್ತಾ ಬಿಡ್ತಾ ಮೇಲಕ್ಕೆ ತರಬೇಕು. ನಾನು ಬಂದು ಮಾಡಿಕೊಡ್ತೀನಿ.”

“ನೀನು ಹೇಳು. ನಾನು ಮಾಡ್ತೀನಿ.”

“ಮಾಸ್ಟ್ರು ಎಷ್ಟು ಎಳೆದಿದ್ರೋ ಅಷ್ಟನ್ನೂ ನೀವು ತಡೀಬೇಕು ಅತ್ತಿಗೆ. ಕೈ ಜಾರಿದ್ರೆ ಬೆರಳು ಹೋಗುತ್ತೆ.”

“ತಡೀತೀನಿ.”

ಅವನು ಕೈ ಒರೆಸುತ್ತ ನಿಂತ. ನಾನು ಇನ್ನೂ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. “ನಾನು ಕರೆದೆ ಅಂತ ಹಾಗೇ ಇಟ್ಟು ಬಂದ್ರು. ಕರೀದೆ ಇದ್ದಿದ್ರೆ ಹೊಡೆದು ಸಮಾಧಾನದಲ್ಲಿ ಬರ್ತಿದ್ರು. ಕೊನೇ ದಿನವೂ ನಾನು ಕೂಗಾಡಿದ್ದೇ ಆಯ್ತು.”

ಅವನು ಒರೆಸುವ ಬಟ್ಟೆಯನ್ನು ಮೆಷಿನ್ನಿನ ಮೇಲಿಟ್ಟ. ಆಮೇಲೆ, “ಕರೀದೆ ಇದ್ದಿದ್ರೆ ಹೊಡೀತಿದ್ರು. ನಿಮಗೆ ಇಷ್ಟೂ ಉಳೀತಿರ್ಲಿಲ್ಲ,” ಎಂದ.

ಅವನಿಗೆ ಅಷ್ಟು ಚೆನ್ನಾಗಿ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಬಂದ. ಮಗಳೂ ಬಂದಳು, ರಜೆ ಹಾಕಿ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಕೋವಿಯ ಹಿಡಿಯನ್ನು ಸೊಂಟಕ್ಕೆ ಒತ್ತಿಕೊಂಡೆ. ದಾರವನ್ನು ಹಲ್ಲಿನಲ್ಲಿ ಕಡಿದು ಬಿಚ್ಚಿದೆ. ಎಡಗೈಯಲ್ಲಿ ನಳಿಗೆಯ ತುದಿ ಹಿಡಿದು ಬಗ್ಗಿಸಿದೆ. ಸುಲಭವಾಗಿ ಬಂತು.

“ಇನ್ನೂ ಎಳೀರಿ. ಕೊನೇವರೆಗೆ. ಹಾಂ, ಅಲ್ಲೇ ಗಟ್ಟಿ ಹಿಡ್ಕೊಳ್ಳಿ. ಹೆಬ್ಬೆರಳು ಸಂದಿಗೆ ಹೋಗದ ಹಾಗೆ. ಈಗ ಬಲಗೈ ಬೆರಳಲ್ಲಿ ಒತ್ತಿ.”

ಒತ್ತಿದೆ.

ಬಂತು. ಒಂದೇ ಸಲಕ್ಕೆ ಬಂತು. ಕೂತವಳನ್ನು ಏಳು ಎಂದು ಕೈ ಹಿಡಿದು ಎಳೆದ ಹಾಗೆ. ನನ್ನ ತೋಳು ಮುಂದಕ್ಕೆ ಹೋಯಿತು, ಅದರ ಹಿಂದೆ ಭುಜ ಹೋಯಿತು. ಕಾಲೂರಿ ತಡೆದೆ. ಒಂಚೂರೂ ಸೋತಿರಲಿಲ್ಲ ಅದು. ಇವರು ಎಷ್ಟು ಎಳೆದಿದ್ದರೋ ಅಷ್ಟೂ ಇತ್ತು ಎಂದೇ ನನಗೆ ಅನಿಸಿತು.

“ನಿಧಾನ... ಬಿಡ್ತಾ ಹೋಗಿ... ಹಾಗೇ...”

ಬಿಡುತ್ತಾ ಹೋದೆ. ಅರ್ಧಕ್ಕೆ ನಿಲ್ಲಿಸಿದೆ.

“ನಿಲ್ಲಿಸ್ಬೇಡಿ ಅತ್ತಿಗೆ, ಕೈ ಸೋಲುತ್ತೆ.”

“ಸುಮ್ನಿರು.”

ತೋಳು ಗಡಗಡ ನಡುಗುತ್ತಿತ್ತು. ಎಳೆಯುತ್ತಿತ್ತು ಅದು, ಒಂದೇ ಸಮ, ಅವಸರವಿಲ್ಲದೆ. ಇವರ ಸ್ವಭಾವದ ಹಾಗೆ. ಒಂದು ಉಸಿರು ಅಲ್ಲಿ ಇಟ್ಟುಕೊಂಡೆ. ಇನ್ನೊಂದು ಉಸಿರಿಗೆ ಆಗಲಿಲ್ಲ. ಬಿಟ್ಟೆ, ಸ್ವಲ್ಪ ಸ್ವಲ್ಪ. ಭಾರ ಇಳಿಯುತ್ತ ಬಂತು. ಕೊನೆಗೆ ನಳಿಗೆ ನೆಟ್ಟಗಾಗಿ ಸಣ್ಣಗೆ ‘ಟಿಕ್’ ಎಂದು ಕೂತಿತು. ಮಗಳು ಹಿಂದಿನಿಂದ ನನ್ನ ಎರಡೂ ಭುಜ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಗೊತ್ತಾಗಿರಲಿಲ್ಲ.

“ಆಯ್ತು,” ಎಂದ ಲೇತಿನವನು.

ಒಂದು ಸದ್ದೂ ಹೊರಗೆ ಹೋಗಲಿಲ್ಲ. ಇದ್ದದ್ದೆಲ್ಲ ನನ್ನ ತೋಳಿಗೇ ಬಂದಿತ್ತು.

ಮರುದಿನ ಎಡತೋಳು ಎತ್ತಲು ಬರಲಿಲ್ಲ. ಭುಜದಿಂದ ಮೊಣಕೈವರೆಗೆ ಒಳಗೊಳಗೇ ಎಳೆಯುವ ನೋವು. ಅಂಗಡಿಯಿಂದ ಬಂದ ಕಟ್ಟು ಹಾಗೇ ಬಿದ್ದಿತ್ತು, ಬಟ್ಟೆ ಹಿಡಿಯಲು ಆಗದೆ. ಮಗಳು ಮುಲಾಮು ತಂದಳು. ಹಚ್ಚಬೇಡ ಎಂದೆ. “ಹುಚ್ಚಾ ನಿನಗೆ?” ಎಂದಳು. ಆಮೇಲೆ ನನ್ನ ಮುಖ ನೋಡಿ ಮುಚ್ಚಳ ಮುಚ್ಚಿದಳು. ಎರಡು ದಿನ ಆ ನೋವನ್ನು ಹೊತ್ತು ಮನೆಯೆಲ್ಲ ಓಡಾಡಿದೆ. ನೀರು ಕುಡಿಯುವಾಗ ನೆನಪಾಗುತ್ತಿತ್ತು. ತಲೆ ಬಾಚುವಾಗ ನೆನಪಾಗುತ್ತಿತ್ತು. ಮಲಗುವಾಗ ಆ ತೋಳಿನ ಮೇಲೇ ಮಲಗಿದೆ.

ಮೂರನೇ ದಿನ ಎದ್ದಾಗ ಹಗುರವಾಗಿತ್ತು. ಎತ್ತಿ ನೋಡಿದೆ. ತಿರುಗಿಸಿ ನೋಡಿದೆ. ಬಲಗೈಯಲ್ಲಿ ಭುಜದಿಂದ ಒತ್ತುತ್ತಾ ಬಂದೆ. ನೋವು ಎಲ್ಲೂ ಇರಲಿಲ್ಲ.

ಹಿತ್ತಲ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ನೋಡಿದಳು, ನೋಡಲಿ ಎಂದು ಬಿಟ್ಟೆ. ಸಾಕಾಗುವಷ್ಟು ಅತ್ತು, ಮುಖ ತೊಳೆದು, ಅಂಗಡಿಯಿಂದ ಬಂದ ಕಟ್ಟು ಬಿಚ್ಚಿದೆ.